ದಿಕ್ಸೂಚಿಯಿಲ್ಲದ ನಾವಿಕರು: ಒಂದು ಗ್ರಂಥದ ಬಲ ಮತ್ತು ಮಿತಿ

ಪಾಲಿನೇಶಿಯನ್ನರು ಪೆಸಿಫಿಕ್ ಸಾಗರದ ದೂರದ ದ್ವೀಪಗಳನ್ನು ಸೇರಿದ್ದು ಹೇಗೆ? ಗಾಳಿ, ಪ್ರವಾಹಗಳಿಗೆ ಸಿಕ್ಕಿ ಆಕಸ್ಮಿಕವಾಗಿ ಎಂದು ಆಂಡ್ರ್ಯೂ ಶಾರ್ಪ್ 1956ರಲ್ಲಿ ವಾದಿಸಿದರು. ಡೇವಿಡ್ ಲೂಯಿಸ್ ಅವರ ‘ವಿ, ದ ನ್ಯಾವಿಗೇಟರ್ಸ್’ (1972) ಆ ವಾದವನ್ನು ಪರೀಕ್ಷೆಗೆ ಒಡ್ಡಿದ ಗ್ರಂಥ. ವೃತ್ತಿಯಿಂದ ವೈದ್ಯರಾಗಿದ್ದ ಲೂಯಿಸ್, ಸಾಂಪ್ರದಾಯಿಕ ನಾವಿಕರಾದ ತೆವಾಕೆ ಮತ್ತು ಹಿಪೂರ್ ಅವರಿಗೆ ತಮ್ಮ ಹಾಯಿದೋಣಿಯನ್ನು ಒಪ್ಪಿಸಿ, ಉಪಕರಣಗಳನ್ನು ಬದಿಗಿಟ್ಟು ಅವರೊಡನೆ ಯಾನ ಮಾಡಿದರು. ಗ್ರಂಥ ಅಚ್ಚಾಗುವ ಮೊದಲೇ, 1970ರಲ್ಲಿ, ತೆವಾಕೆ ಸಮುದ್ರದಲ್ಲಿ ಕಣ್ಮರೆಯಾದರು. ದಾಖಲೆ ತಡವಾಗಿದ್ದರೆ ಅವರ ವಿದ್ಯೆ ನಮಗೆ ಸಿಗುತ್ತಿರಲಿಲ್ಲ.

ವಿಧಾನಗಳ ವಿವರಣೆಯೇ ಗ್ರಂಥದ ಜೀವಾಳ. ಒಂದು ಅಕ್ಷಾಂಶದಲ್ಲಿ ನಕ್ಷತ್ರವೊಂದು ವರ್ಷವಿಡೀ ದಿಗಂತದ ಒಂದೇ ಬಿಂದುವಿನಲ್ಲಿ ಉದಯಿಸುತ್ತದೆ. ಅದು ಮೇಲೇರಿದ ಬಳಿಕ ಅಲ್ಲೇ ಹುಟ್ಟುವ ಮತ್ತೊಂದನ್ನು ನಾವಿಕ ಅನುಸರಿಸುತ್ತಾನೆ. ಮೋಡ ಕವಿದಾಗ ದೂರದಿಂದ ಬರುವ ದೀರ್ಘ ಅಲೆಗಳ ದಿಕ್ಕನ್ನು ದೋಣಿಯ ಓಲಾಟದಿಂದ ಅರಿಯುತ್ತಾನೆ. ಸಂಜೆ ಗೂಡಿಗೆ ಮರಳುವ ಹಕ್ಕಿಗಳು ಇನ್ನೂ ಕಾಣದ ದ್ವೀಪದ ಕಡೆಗೆ ದಾರಿ ತೋರುತ್ತವೆ.

ಆದರೆ ದೀರ್ಘ ಯಾನದಲ್ಲಿ ದೋಷಗಳು ಪರಸ್ಪರ ಸರಿದೂಗುತ್ತವೆ ಎಂಬ ಲೂಯಿಸ್ ಅವರ ನಿಲುವನ್ನು ಎಚ್ಚರಿಕೆಯಿಂದ ಓದಬೇಕು. ಯಾದೃಚ್ಛಿಕ ದೋಷಗಳ ಮಟ್ಟಿಗೆ ಇದು ಬಹುಪಾಲು ಸರಿ: 30 ದಿನಗಳ ಒಟ್ಟು ದೋಷ ಒಂದು ದಿನದ ದೋಷದ 30 ಪಟ್ಟಲ್ಲ, √30, ಅಂದರೆ ಸುಮಾರು 5.5 ಪಟ್ಟು. ಗಮನಕ್ಕೆ ಬಾರದ ಪ್ರವಾಹದ ಕಥೆ ಬೇರೆ. ಗಂಟೆಗೆ 1 ಕಿ.ಮೀ.ನಂತೆ ಅದು ಒಂದೇ ದಿಕ್ಕಿಗೆ ತಳ್ಳಿದರೆ 30 ದಿನಗಳಲ್ಲಿ 720 ಕಿ.ಮೀ. ಸರಿಸುತ್ತದೆ. ಇದನ್ನು ತಿದ್ದಲು ಸ್ವತಂತ್ರ ಅಳತೆ ಬೇಕು. ಹವಾಯಿಯನ್ನರು ‘ಹೋಕುಲೆಅ’ ಎನ್ನುವ ನಮ್ಮ ಸ್ವಾತಿ ನಕ್ಷತ್ರ ಹವಾಯಿಯಲ್ಲಿ ನೆತ್ತಿಯ ಸಮೀಪ ಹಾದುಹೋಗುತ್ತದೆ. ಇದರಿಂದ ಅಕ್ಷಾಂಶ ತಿಳಿಯುತ್ತದೆ, ರೇಖಾಂಶ ತಿಳಿಯುವುದಿಲ್ಲ.

ಇನ್ನೊಂದು ಮಿತಿಯಿದೆ. ತೆವಾಕೆ, ಹಿಪೂರ್ ಇಬ್ಬರೂ ಪಶ್ಚಿಮ ಪೆಸಿಫಿಕ್‌ನವರು. ಹವಾಯಿ–ತಾಹಿತಿ ನಡುವಣ ಸುಮಾರು 4,000 ಕಿ.ಮೀ. ಯಾನದ ಬಗ್ಗೆ ಗ್ರಂಥ ಹೇಳುವುದು ಅನುಮಾನ ಪ್ರಮಾಣದಿಂದ. 1976ರಲ್ಲಿ ಮೈಕ್ರೊನೇಶಿಯದ ಮಾವ್ ಪಿಯೈಲುಗ್ ‘ಹೋಕುಲೆಅ’ ಎಂಬ ಜೋಡಿದೋಣಿಯನ್ನು ಉಪಕರಣವಿಲ್ಲದೆ ತಾಹಿತಿಗೆ ಮುಟ್ಟಿಸಿದರು. 1980ರಲ್ಲಿ ಹವಾಯಿಯ ನೈನೋಆ ಥಾಮ್ಸನ್ ಹೋಗಿಬರುವ ಯಾನ ಪೂರೈಸಿದರು. ಅವರು ಮಾವ್ ಅವರಿಂದಲೂ ತಾರಾಲಯದಿಂದಲೂ ಕಲಿತವರು. ಅಂದರೆ ಹವಾಯಿಯ ಪುನರುಜ್ಜೀವನದಲ್ಲಿ ಉಳಿದುಬಂದದ್ದರ ಜೊತೆಗೆ ಹೊಸದಾಗಿ ಕಟ್ಟಿಕೊಂಡದ್ದೂ ಇದೆ.

ಈ ಯಾನಗಳು ಅಂಥ ಪ್ರಯಾಣ ಸಾಧ್ಯವೆಂದು ತೋರಿಸಿದವು. ಪೂರ್ವಿಕರು ಹೀಗೆಯೇ ಸಾಗಿದರೆಂದು ಅಷ್ಟರಿಂದಲೇ ಸಿದ್ಧವಾಗದು. ಪರಂಪರೆಯನ್ನು ಪವಾಡವೆಂದು ಹೊಗಳದೆ, ಮೂಢನಂಬಿಕೆಯೆಂದು ತಳ್ಳದೆ ಪರೀಕ್ಷಿಸುವುದು ಹೇಗೆಂದು ತರಗತಿಯಲ್ಲಿ ತಿಳಿಸಲು ಈ ಗ್ರಂಥ, ಅದರ ಮಿತಿಗಳೂ ಸೇರಿ, ಅತ್ಯಂತ ಉಪಯುಕ್ತ.