ಹುಬ್ಬಳ್ಳಿಯಾಂವನ ಹಾದಿ ನೋಡುವಾಕಿ

ಬೇಂದ್ರೆಯವರ ‘ಹುಬ್ಬಳ್ಳಿಯಾಂವಾ’ ಹಾಡು ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಕನ್ನಡಿಗರಿಗೆ ಪುಸ್ತಕದಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಶಾಲೆಯ ಗ್ಯಾದರಿಂಗಿನಲ್ಲೋ ಮದುವೆಮನೆಯ ರಾತ್ರಿ ಹರಟೆಯಲ್ಲೋ ಯಾರಾದರೊಬ್ಬರು ಎತ್ತಿಕೊಂಡರೆ ಸಾಕು, ಪಲ್ಲವಿಗೆ ಸುತ್ತಲಿನವರೆಲ್ಲ ದನಿ ಕೂಡಿಸುತ್ತಾರೆ. ಕೇಳುವಾಗ ಕೈ ತಾನಾಗಿ ತಾಳ ಹಾಕುತ್ತದೆ. ಆದರೆ ಆ ತಾಳದ ಕೆಳಗೆ, ಬರುವುದನ್ನು ನಿಲ್ಲಿಸಿದವನೊಬ್ಬನನ್ನು ಮನಸ್ಸಿನಿಂದ ಕಳಿಸಲಾರದ ಹೆಣ್ಣಿನ ಸಂಕಟವಿದೆ.

ವಾರಕ್ಕೆ ಮೂರು ಸಲ ಬರುತ್ತಿದ್ದವನು ಈಗ ಯಾಕೆ ಬರಲಿಲ್ಲ? ಅವಳ ಪ್ರಶ್ನೆ ಇಷ್ಟೇ. ಉತ್ತರ ಸಿಗುವುದಿಲ್ಲ, ಆದ್ದರಿಂದ ಅವಳು ಅವನನ್ನೇ ಕಣ್ಣ ಮುಂದೆ ತಂದು ನಿಲ್ಲಿಸಿಕೊಳ್ಳುತ್ತಾಳೆ. ಭಾರಿ ಜರಿಯ ರುಮಾಲು, ತೀಡಿದ ತುಂಬು ಮೀಸೆ, ಹುಬ್ಬು ಹಾರಿಸುವ ಚಾಳಿ, ನಗಿಸುತ್ತ ನಗಿಸುತ್ತ ಏನೋ ಒಂದು ಹಾಡು ಕಟ್ಟಿಬಿಡುವ ಹುರುಪು. ಹೆಚ್ಚುಕಡಿಮೆ ಸಾಲು ಸಾಲೂ ಅವನ ಮೇಲೇ ಬಂದು ಮುಗಿಯುತ್ತದೆ, ಮುಗಿಯುವ ಪ್ರಾಸವೂ ಅದೇ. ಮಾತು ಎಲ್ಲಿಂದ ಹೊರಟರೂ ಅವನಲ್ಲಿಗೇ ಹೋಗಿ ನಿಲ್ಲುವುದು, ಮರೆಯಲಾರದವರ ಮನಸ್ಸಿನ ನಡೆಯೇ ಹಾಗೆ. ಬೇಂದ್ರೆ ಅದನ್ನು ವಿವರಿಸಿ ಹೇಳಲಿಲ್ಲ, ಪ್ರಾಸದಲ್ಲೇ ಮಾಡಿ ತೋರಿಸಿದರು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಜಾಗ ಚೂಡಾದ್ದು. ಅವನು ಅವಳನ್ನು ಚಂದ್ರನಿಗೆ ಹೋಲಿಸಲಿಲ್ಲ, ತಾವರೆಗೆ ಹೋಲಿಸಲಿಲ್ಲ. ಚಹದ ಜೋಡಿಗೆ ಬರುವ ಚೂಡಾಕ್ಕೆ ಹೋಲಿಸಿದ. ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಇಡುವುದು ಅದನ್ನೇ. ಪೇಟೆಯ ಹುಡುಗ ಹೆಣ್ಣನ್ನು ರಮಿಸಲು ಬಾಯಿಗೆ ಬಂದದ್ದನ್ನು ಆಡಿದ, ಅವಳು ಅದನ್ನು ಆಭರಣದಂತೆ ಕಾಪಿಟ್ಟುಕೊಂಡಳು. ಅವನು ಕೊಟ್ಟ ರೊಕ್ಕದ ಲೆಕ್ಕ ಅವಳಿಗೆ ಬೇಡ. ಹಿಡಿಗಟ್ಟಲೆ ತೆಗೆದು ಹಿಡಿ ಎನ್ನುತ್ತಿದ್ದ, ನಿಜವೆಂದು ಕೈ ಚಾಚಿದರೆ ಆ ಕೈಯನ್ನೇ ಹಿಡಿದುಬಿಡುತ್ತಿದ್ದ. ಅವಳಿಗೆ ಉಳಿದದ್ದು ಆ ಹಿಡಿತದ ನೆನಪು. ಅಗಲಿಕೆಯ ಹಾಡಿನಲ್ಲಿ ಇಷ್ಟು ತುಂಟತನ ಇಟ್ಟ ಕವಿ ಕನ್ನಡದಲ್ಲಿ ಇನ್ನೊಬ್ಬರನ್ನು ನಾನು ಕಾಣೆ.

ಅವಳು ಜೋಗತಿ, ದೇವಿಗೆ ಬಿಟ್ಟ ಹೆಣ್ಣು. ಹಾಡಿನ ನಡುವೆ ಸುಳಿದು ಹೋಗುವ ಒಂದು ಮಾತಿನಿಂದ ಅದು ಗೊತ್ತಾಗುತ್ತದೆ. ಜೋಗತೇರಲ್ಲಿ ನೀನೇ ಮೂಗುತಿ ಎಂದು ಅವನು ಹೊಗಳಿದ್ದನಂತೆ. ಇದು ತಿಳಿದ ಮೇಲೆ ಪಲ್ಲವಿ ಬೇರೆಯಾಗಿ ಕೇಳಿಸುತ್ತದೆ. ಗಂಡ ಬರಲಿಲ್ಲವೆಂದರೆ ಹೆಂಡತಿ ಹಿರಿಯರ ಮುಂದೆ ಕೂತು ನ್ಯಾಯ ಕೇಳಬಹುದು. ಇವಳು ಯಾರ ಮುಂದೆ ಹೋಗಬೇಕು? ತಾಳಿಗೆ ಮಣಿ ಬೇಕೇನು ಎಂದು ಅವನು ಕೇಳಿದ್ದಕ್ಕೆ ಸಾಕ್ಷಿ ಇವಳೊಬ್ಬಳೇ. ಆದರೂ ಒಂದು ಶಾಪವಿಲ್ಲ, ಮೋಸಗಾರ ಎಂಬ ಬೈಗುಳವಿಲ್ಲ. ಇವತ್ತು ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಕೇಳಿಬರುವ ‘ಲವ್ ಫೇಲ್’ ಹಾಡುಗಳಲ್ಲಿ ಹುಡುಗ ಕೈಬಿಟ್ಟ ಗೆಳತಿಯನ್ನು ದೂರುತ್ತಾನೆ. ಅವನ ನೋವೂ ನಿಜವೇ. ಆದರೆ ದೂರಿದಾಗ ಎದೆ ಒಂದಿಷ್ಟು ಹಗುರಾಗುತ್ತದೆ. ಇವಳು ಆ ಹಗುರವನ್ನೂ ಬೇಡ ಎಂದವಳು.

ಕೊನೆಯ ನುಡಿಯವರೆಗೂ ಅವಳು ತನ್ನ ಪಾಡನ್ನು ಹೇಳುವುದೇ ಇಲ್ಲ. ಅಲ್ಲಿ ಒಮ್ಮೆಲೇ ಗೆಳತಿಯರ ಹೆಸರು ಹಿಡಿದು ಕೂಗುತ್ತಾಳೆ: ಮಲ್ಲಿ, ಪಾರಿ, ತಾರಿ, ನಿಂಗಿ, ಸಂಗಿ. ಅವನು ಸೆಟ್ಟರ ಹುಡುಗ ಎಂಬುದು, ಸಿಟ್ಟು ಮಾಡಿಕೊಂಡು ಹೋದನೇನೋ ಎಂಬ ಅವಳ ಅಂಜಿಕೆ, ಬಿಗುಮಾನ ಬಿಟ್ಟು ಹಾದಿಬೀದಿಯಲ್ಲಿ ಹುಡುಕುತ್ತಿರುವ ಅವಳ ಜೀವ, ಎಲ್ಲ ಹೊರಗೆ ಬೀಳುವುದು ಆಗಲೇ. ಅಲ್ಲಿಯವರೆಗಿನ ಎಲ್ಲ ನಗು ಇದನ್ನು ತಡೆದು ಹಿಡಿದಿತ್ತು.

ಈ ಹಾಡಿನ ಕವಿ ನಮಗೆ ದೂರದವರಲ್ಲ. ಬೇಂದ್ರೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿಯಾಗಿದ್ದು ಕನ್ನಡದಲ್ಲಿ ಹಾಡಿದವರು. ನಮ್ಮ ಓಣಿಗಳಲ್ಲೂ ಎರಡು ಮಾತು ಹೀಗೇ ಕೂಡಿ ಬಾಳುತ್ತವೆ. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಗದಗ ಹಾದು ಹುಬ್ಬಳ್ಳಿಗೆ ಹೋಗುವ ರೈಲುದಾರಿ ಇಲ್ಲಿಯವರಿಗೆ ಬಳಕೆಯದು. ರುಮಾಲು, ರೊಕ್ಕ, ಚೂಡಾ, ಸೆಟ್ಟರ ಹುಡುಗ, ಯಾವುದಕ್ಕೂ ನಮಗೆ ಅರ್ಥ ಹೇಳಿಕೊಡುವವರು ಬೇಕಿಲ್ಲ. ಹಾಗಾಗಿ ಈ ಹಾಡನ್ನು ಚೆನ್ನಾಗಿ ಹಾಡುವ ಹೊಣೆ ನಮ್ಮದೂ ಹೌದು. ಗ್ಯಾದರಿಂಗಿಗೆ ಮಕ್ಕಳಿಗೆ ಕಲಿಸುವ ಅಕ್ಕೋರು, ಮಾಸ್ತರರು ದಯಮಾಡಿ ಇದನ್ನು ಓಡಿಸಬೇಡಿ. ಹೊತ್ತು ಸಾಲದೆಂದರೆ ನಡುವಿನ ಒಂದು ನುಡಿ ಬಿಡಿ. ಕೊನೆಯದನ್ನು ಮಾತ್ರ ಬಿಡಬೇಡಿ.