ನಡುವಯಸ್ಸಿನ ಕಂಠ, ಇಂಗ್ಲಿಷ್ ಹಾಡು

ಕರೋಕೆ ಎಂಬ ಜಪಾನೀ ಮಾತಿಗೆ ‘ಬರಿದಾದ ವಾದ್ಯಮೇಳ’ ಎಂದರ್ಥ. ಮೇಳವುಂಟು, ಗಾಯಕನಿಲ್ಲ, ಆ ತೆರವನ್ನು ನಾವೇ ತುಂಬಬೇಕು. 1971ರಲ್ಲಿ ಕೋಬೆ ನಗರದ ಡೈಸುಕೆ ಇನೂಯೆ ತಮ್ಮ ಯಂತ್ರವನ್ನು ರೂಪಿಸಿದುದರ ಹಿಂದೆ ಒಬ್ಬ ಉದ್ಯಮಿಯ ಆಸೆಯಿತ್ತು. ಆತನ ಕಂಠವನ್ನು ಅರಿತು ವಾದ್ಯ ನುಡಿಸುತ್ತಿದ್ದ ಇನೂಯೆ ಪ್ರವಾಸಕ್ಕೆ ಜೊತೆಯಾಗಲಾರದೆ ಟೇಪನ್ನು ಕೊಟ್ಟು ಕಳುಹಿದರು. ಹಾಡು ಕಂಠಕ್ಕೆ ಬಾಗಬೇಕೆಂಬ ತತ್ತ್ವವು ಹೀಗೆ ಈ ಯಂತ್ರದ ಹುಟ್ಟಿನಲ್ಲೇ ಅಡಗಿದೆ.

ಇಂದು ಅದು ಮೊಬೈಲಿನೊಳಗೆ ಸೇರಿದೆ. ಕಲ್ಲೋಳಿಯಂಥ ನಮ್ಮ ಊರಿನಲ್ಲಿಯೂ ಐವತ್ತರ ಗಂಡಸೊಬ್ಬನು ಬೀಳ್ಕೊಡುಗೆಯ ಸಂಜೆ ಇಂಗ್ಲಿಷ್ ಹಾಡಿಗೆ ಬಾಯಿ ಹಾಕಬಲ್ಲನು. ಹಾಡಲಿ, ಆದರೆ ಆಯ್ಕೆಯಲ್ಲಿ ಔಚಿತ್ಯ ಬೇಡವೇ?

ಮೊದಲನೆಯದು ಕಂಠದ ಔಚಿತ್ಯ. 1976ರ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಎಲ್ಲರಿಗೂ ಪ್ರಿಯ. ಆದರೆ ಡಾನ್ ಹೆನ್ಲಿಯ ಎತ್ತರದ ದನಿ ಅಭ್ಯಾಸವಿಲ್ಲದ ಕಂಠಕ್ಕೆ ಎಟುಕದು. ನಮ್ಮ ಸೀಮೆಯ ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತದಲ್ಲಿ ಏರುದನಿಗೆ ಕಾರಣವುಂಟು: ಮೈಕಿಲ್ಲದ ಬಯಲಿನಲ್ಲಿ ದನಿಯು ಕಡೆಯ ಸಾಲಿನವರನ್ನೂ ಮುಟ್ಟಬೇಕಾಗಿತ್ತು. ಮೈಕು ಕೈಯಲ್ಲಿರುವಾಗ ಕಿರುಚುವುದೇಕೆ? ಜಿಮ್ ರೀವ್ಸ್ ಮೈಕಿನ ಸಮೀಪಕ್ಕೆ ಬಾಯಿ ತಂದು ತಗ್ಗುದನಿಯಲ್ಲಿ ಹಾಡಿದರು. ಆ ದಾರಿ ನಮ್ಮವರಿಗೆ ಲೇಸು. ಶ್ರುತಿಯನ್ನು ಇಳಿಸಿಕೊಳ್ಳುವುದರಲ್ಲಿಯೂ ಅವಮಾನವಿಲ್ಲ.

ಎರಡನೆಯದು ಅರ್ಥದ ಔಚಿತ್ಯ. ರೀವ್ಸರ 1959ರ ‘ಹೀಲ್ ಹ್ಯಾವ್ ಟು ಗೋ’ ಕಂಠಕ್ಕೆ ಒಪ್ಪುತ್ತದೆ. ಆದರೆ ಅದರಲ್ಲಿ ಪ್ರಿಯಕರನು ಫೋನಿನಲ್ಲಿ ತನ್ನ ನಲ್ಲೆಯನ್ನು, ಬಳಿಯಿರುವ ಇನ್ನೊಬ್ಬನನ್ನು ಕಳುಹಿಸಿಬಿಡೆಂದು ಕೇಳಿಕೊಳ್ಳುತ್ತಾನೆ. ಮದುವೆಯ ಬೆಳ್ಳಿಹಬ್ಬದಲ್ಲಿ ಇದನ್ನು ಹಾಡುವ ಮಹನೀಯನು ರಾಗವನ್ನು ಮಾತ್ರ ಕೇಳಿದ್ದಾನೆಂದೇ ಹೇಳಬೇಕು.

ಮೂರನೆಯದು ವಯಸ್ಸಿನ ಔಚಿತ್ಯ. ಕಳೆದ ಯೌವನವನ್ನು ನೆನೆಯುವ ‘ಸಮ್ಮರ್ ಆಫ್ ಸಿಕ್ಸ್ಟಿನೈನ್’ 1984ರಲ್ಲಿ ಹೊರಬಂದಾಗ ಬ್ರಯಾನ್ ಆಡಮ್ಸ್‌ಗೆ ಇಪ್ಪತ್ತೈದು ವರ್ಷ. ಆ ನೆನಪಿಗೆ ಐವತ್ತರವನಲ್ಲಿ ಹೆಚ್ಚು ನಿಜವುಂಟು. ಆದರೆ ಅದರ ಓಟಕ್ಕೆ ಉಸಿರು ಸಾಲದು. 1969ರಲ್ಲಿ ಬಂದ ‘ಮೈ ವೇ’ಯನ್ನು ಸಿನಾತ್ರಾ ಹಾಡಿದುದು ಐವತ್ತಮೂರರಲ್ಲಿ. ವಯಸ್ಸು ಒಪ್ಪಿತು, ಆದರೂ ತನ್ನ ಬಾಳನ್ನು ತಾನೇ ಮೆಚ್ಚಿಕೊಳ್ಳುವ ಆ ಹಾಡು ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳ ಮುಂದೆ ಸಲ್ಲದು, ಪ್ರಶಂಸೆ ಅವರಿಂದ ಬರಬೇಕು. ಜಾನ್ ಡೆನ್ವರರ 1971ರ ‘ಕಂಟ್ರಿ ರೋಡ್ಸ್’ ನನ್ನ ಆಯ್ಕೆ. ಊರಿಗೆ ಮರಳುವ ಹಂಬಲ, ಸರಳವಾದ ಪಲ್ಲವಿ. ಅಲ್ಲಿ ಸಭೆಯೂ ದನಿಗೂಡಿಸಬಲ್ಲುದು. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಹೊಟ್ಟೆಪಾಡು ಕಂಡುಕೊಂಡು ಘಟಪ್ರಭೆಯ ದಂಡೆಯನ್ನು ನೆನೆಯುವವನಿಗೆ ಅದು ಪರಕೀಯವಲ್ಲ.

ಕನ್ನಡಿಗನಿಗೆ ಇಂಗ್ಲಿಷ್ ಹಾಡೇಕೆ ಎಂದು ಕೇಳುವವರಿದ್ದಾರೆ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟವಾದಾಗ ಬಿ. ಎಂ. ಶ್ರೀಕಂಠಯ್ಯನವರಿಗೆ ನಲವತ್ತೆರಡು, ಅದೂ ನಡುವಯಸ್ಸೇ. ಪರಭಾಷೆಯ ಗೀತೆಗಳಲ್ಲಿ ಆಯ್ದವನ್ನು ಕನ್ನಡದ ಉಸಿರಿಗೆ ಹೊಂದಿಸಿದುದು ಅವರ ಹಿರಿಮೆ. ಭಾಷಾಂತರವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಆಯ್ಕೆಯ ವಿವೇಕವನ್ನು ನಿರೀಕ್ಷಿಸಬಹುದು.

ಇದು ಕ್ಷುಲ್ಲಕ ವಿಷಯವೆಂದು ನನಗೆ ತೋರುವುದಿಲ್ಲ. ನಮ್ಮ ಕಡೆಯ ಗಂಡಸು ಒಂಟಿತನವನ್ನಾಗಲಿ ಅಕ್ಕರೆಯನ್ನಾಗಲಿ ಮನೆಯ ಮಾತಿನಲ್ಲಿ ಹೇಳಲು ನಾಚುತ್ತಾನೆ. ಪರಭಾಷೆಯ ಮರೆಯಲ್ಲಾದರೂ ಅವನ ಬಾಯಿ ತೆರೆಯುವುದಾದರೆ, ಆ ನಾಲ್ಕು ನಿಮಿಷಗಳು ಬೆಲೆಯುಳ್ಳವು. ಅವನ್ನು ಡೌಲಿಗೆ ಕಳೆಯದೆ, ತನಗೆ ನಿಜವೆನಿಸಿದ ಮಾತಿಗೆ ಮೀಸಲಿಡಲಿ.