ಪ್ರಯೋಗಪರೀಕ್ಷೆಯೂ ಶಿಷ್ಯರ ಆತ್ಮಗೌರವವೂ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾರ್ಯಕ್ಷೇತ್ರದಲ್ಲಿ ಕೆಲಕಾಲ ನಿಂತು ಪಡೆಯುವ ಶಿಕ್ಷಣಕ್ಕೆ ‘ಇಂಟರ್ನ್‌ಶಿಪ್’ ಎಂದೂ, ಅದರಿಂದ ಲಭಿಸುವ ನಡೆನುಡಿಯ ಪಾಟವಕ್ಕೆ ‘ಮೃದುಕೌಶಲ’ವೆಂದೂ ಈಗ ಹೆಸರು. ಈ ಎರಡನೆಯ ಪದವು ಭಾಷಾಂತರವೇ ಹೊರತು ಅರ್ಥಬೋಧಕವಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ವಿನಯವನ್ನು ಕೃತಕ, ಸ್ವಾಭಾವಿಕ ಎಂದು ಇಬ್ಬಗೆಯಾಗಿ ವಿಂಗಡಿಸಿರುವನು. ಅಲ್ಲಿ ಕೃತಕವೆಂದರೆ ಕಪಟವಲ್ಲ, ಅಭ್ಯಾಸದಿಂದ ಸಾಧಿತವಾದುದು. ಮೃದುಕೌಶಲವೆಂಬುದು ಈ ಕೃತಕವಿನಯವೇ. ಇದು ಬಂದಲ್ಲಿ ಆತ್ಮಗೌರವವೂ ತಾನಾಗಿ ಬರುವುದೇ ಎಂಬುದು ವಿಚಾರಣೀಯ.

ಕಾಳಿದಾಸನ ಮಾಲವಿಕಾಗ್ನಿಮಿತ್ರವು ಇದಕ್ಕೆ ಉತ್ತಮ ನಿದರ್ಶನ. ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರ ಕಲಹವನ್ನು ಶಿಷ್ಯರ ಪ್ರಯೋಗದಿಂದಲೇ ತೀರ್ಮಾನಿಸತಕ್ಕುದೆಂದು ಪರಿವ್ರಾಜಿಕೆಯು ವಿಧಿಸುವಳು. ದ್ವಿತೀಯಾಂಕದಲ್ಲಿ ಮಾಲವಿಕೆಯು ದುಷ್ಪ್ರಯೋಜ್ಯವಾದ ಚಲಿತವನ್ನು ಅಭಿನಯಿಸಿ ಗೆಲ್ಲುವಳು. ಆದರೆ ಗೆಲವು ಯಾರದು? ತಾನು ಇಂದು ನಾಟ್ಯಾಚಾರ್ಯನಾದೆನೆಂದು ಹಿಗ್ಗುವವನು ಗಣದಾಸನು. ವಿದೂಷಕನು ಇಲ್ಲದ ದೋಷವನ್ನು ಆರೋಪಿಸಿ ಆಕೆಯನ್ನು ತಡೆದು ನಿಲ್ಲಿಸುವನು. ಬಳಿಕ ಪರರ ಕಡಗವನ್ನೇ ಬಹುಮಾನವಾಗಿ ಕೊಡಹೊರಡುವನು. ಹೇಳಿಕೊಟ್ಟುದನ್ನು ಮಾಲವಿಕೆಯು ತನಗೇ ತಿರುಗಿ ಕಲಿಸುವಂತಿದೆಯೆಂದು ಗಣದಾಸನು ಪ್ರಥಮಾಂಕದಲ್ಲಿ ಹೊಗಳಿದುದುಂಟು. ಅದನ್ನು ಕೇಳಿದವಳು ಬಕುಲಾವಲಿಕೆ, ಮಾಲವಿಕೆಯಲ್ಲ. ಶಿಷ್ಯೆಯ ವಿನಯವು ಪರೀಕ್ಷಿತವಾಯಿತು. ಆಕೆಯ ಆತ್ಮಗೌರವದ ವಿಷಯವನ್ನು ಆ ಸಭೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಈ ಸೂಕ್ಷ್ಮವು ಇಂದಿನ ಶಿಕ್ಷಣಕ್ಕೂ ಅನ್ವಯಿಸುವುದು. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪದವಿಯ ಅಂತಿಮ ವರ್ಷದವರಿಗೆ ಗ್ರಾಮೀಣ ಕೃಷಿ ಕಾರ್ಯಾನುಭವವು ವಿಹಿತವಾಗಿದೆ. ವಿದ್ಯಾರ್ಥಿಗಳು ಹಳ್ಳಿಯಲ್ಲಿ ನೆಲಸಿ, ಒಕ್ಕಲಿಗರೊಡನೆ ದುಡಿದು, ಊರವರ ನೆರವಿನಿಂದ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಗ್ರಾಮದ ನಕಾಶೆಯನ್ನು ಬರೆಯುವರು. ನೀರಸಾಗರದ ನೆರೆಯ ದುಮ್ಮವಾಡದಂತಹ ಊರಿನಲ್ಲಿ ಕೂರಿಗೆ ಹಿಡಿದು ಬತ್ತ ಬಿತ್ತುವ ರೈತನು ಪರೀಕ್ಷಕನೂ ಅಹುದು, ಗುರುವೂ ಅಹುದು. ಆತನಿಗೆ ತಿಳಿಯುವಂತೆ ಮಾತಾಡಬೇಕಾದಾಗ ಗ್ರಂಥಪರಿಭಾಷೆಯು ಕಳಚುವುದು. ಕೇಳುವ ತಾಳ್ಮೆ ಬೆಳೆವುದು. ಇದು ಕೃತಕವಿನಯ. ತಾನು ಹೇಳಿದ ಸಲಹೆಯನ್ನು ಆತನು ತೂಗಿ ನೋಡಿ ತನ್ನ ಹೊಲಕ್ಕೆ ತೆಗೆದುಕೊಂಡಾಗಲೇ ವಿದ್ಯಾರ್ಥಿಗೆ ತನ್ನ ವಿದ್ಯೆಯಲ್ಲಿ ಗೌರವ ಹುಟ್ಟುವುದು. ಆತನು ಸಕಾರಣವಾಗಿ ತಳ್ಳಿದರೂ ಹಾನಿಯಿಲ್ಲ. ಆ ಕಾರಣವು ಇವರಿಗೆ ಪಾಠವಾಗುವುದು.

ಹೀಗಲ್ಲದೆ ದಿನಚರಿ ತುಂಬಿಸಿ, ಪ್ರಮಾಣಪತ್ರ ಪಡೆದು ಮರಳಿದರೆ ಅದು ವಿದೂಷಕನ ಕಡಗಕ್ಕಿಂತ ಬೇರೆಯಲ್ಲ. ಗುಣವನ್ನರಿಯದೆ ಆಭರಣವನ್ನೇಕೆ ಕೊಡುವೆಯೆಂದು ರಾಣಿ ಧಾರಿಣಿಯು ಅಲ್ಲಿ ಕೇಳುವಳು. ಅಂಕವನ್ನೀವ ಅಧ್ಯಾಪಕರು ಆ ಪ್ರಶ್ನೆಯನ್ನು ಮೊದಲು ತಮಗೆ ಕೇಳಿಕೊಳ್ಳತಕ್ಕುದು. ಗುಣವನ್ನು ಕಂಡಲ್ಲಿ ಅದನ್ನು ಬಕುಲಾವಲಿಕೆಗಲ್ಲ, ಮಾಲವಿಕೆಗೇ ಹೇಳತಕ್ಕುದು.